ಕರಿಬೇವು ಹೋದಾಗ ಮಾತಾಡಿಸಲು ಬಂದವರು

ಹಾವೇರಿಯಲ್ಲಿ ಮನೆ ಮುಂದಿನ ಗಿಡ ಒಣಗಿದರೆ ಅದು ಆ ಮನೆಯವರ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಕಂಪೌಂಡಿನೊಳಗಿನ ಕರಿಬೇವು ಎಲೆ ಉದುರಿಸಿಕೊಂಡು ಬರೀ ಕಡ್ಡಿಯಾಗಿ ನಿಂತ ಸುದ್ದಿ ದೀಪ ಹಚ್ಚುವ ಹೊತ್ತಿಗೆ ಓಣಿ ದಾಟಿರುತ್ತದೆ. ಮರುದಿನ ಬೆಳಿಗ್ಗೆಯಿಂದ ಮಾತಾಡಿಸಲು ಮಂದಿ ಬರುತ್ತಾರೆ. ಇಷ್ಟು ದಿನ ಅದೇ ಗಿಡದ ಎಲೆಯನ್ನು ಒಗ್ಗರಣೆಗೆ ಒಯ್ದವರು, ಹಾಗಾಗಿ ಅವರ ದುಃಖ ಸುಳ್ಳಲ್ಲ. ಆದರೆ ಬರಿಗೈಯಲ್ಲಿ ಯಾರೂ ಬರುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಕಾರಣ ಹಿಡಿದುಕೊಂಡೇ ಗೇಟು ತೆಗೆಯುತ್ತಾರೆ.

“ದೃಷ್ಟಿ ಆಗೇತ್ರಿ ಅಕ್ಕಾರ. ರಸ್ತಾದಾಗ ಹೋಗೋರೆಲ್ಲಾ ನೋಡಿಕೋತನ ಹೋಗತಿದ್ರು,” ಎಂದ ಹಾಲಿನವ. ಎದುರು ಮನೆಯ ಅಜ್ಜಿಗೆ ಇದು ಒಪ್ಪಿಗೆಯಾಗಲಿಲ್ಲ. “ದೀಪಾ ಹಚ್ಚಿದ ಮ್ಯಾಲೆ ಎಲಿ ಹರೀಬ್ಯಾಡ್ರಿ ಅಂತ ಬಡಕೊಂಡೆ. ಯಾರ ಕೇಳಿದ್ರವ್ವಾ?” ಎಂದು ನಮ್ಮ ಸೊಸೆಯ ಕಡೆ ನೋಡಿದರು. ಹಿಂದಿನ ಮನೆಯ ಯಜಮಾನರು ಮೊಬೈಲಿನಲ್ಲಿ ವಿಡಿಯೋ ನೋಡಿ ಬಂದಿದ್ದರು. ಬುಡಕ್ಕೆ ಹುಳಿ ಮಜ್ಜಿಗೆ ಹಾಕಿದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬಲ್ಲಿ ಅವರ ವಿಚಾರ ನಿಂತಿತ್ತು. ಅವರ ಹೆಂಡತಿ ದನಿ ತಗ್ಗಿಸಿ, “ಕೈಗುಣಾ ಅಂತ ಒಂದ ಇರ್ತೇತ್ರಿ ವೈನಿ,” ಎಂದರು. ಆ ಕೈ ಯಾರದೆಂದು ಹೇಳದೆ ಚಹಾ ಕುಡಿದು ಹೋದರು.

ಇಷ್ಟು ಜನ ಬಂದು ಹೋದರೂ ಒಬ್ಬರೂ “ಬೇರು ತೋರಿಸ್ರಿ” ಎನ್ನಲಿಲ್ಲ. ನಮ್ಮ ಓಣಿಯಲ್ಲಿ ಗಿಡ ಸತ್ತರೆ ಮೊದಲು ಹುಡುಕುವುದು ತಪ್ಪು ಮಾಡಿದವರನ್ನು. ಮನೆಯಲ್ಲಿ ಹೆಂಗಸರಿದ್ದರೆ ಹುಡುಕಾಟ ಬೇಗ ಮುಗಿಯುತ್ತದೆ.

ಸಲಿಕೆ ತಂದು ಅಗೆಸಿದೆ. ಮೇಲಿನ ಒಂದು ಗೇಣು ಮಣ್ಣು ಒಣಗಿ ಹೆಂಟೆಯಾಗಿತ್ತು, ಅದರ ಕೆಳಗೆಲ್ಲ ಹಸಿ ರಾಡಿ. ದಪ್ಪ ಬೇರು ಕೈಗೆ ಸಿಕ್ಕಿತು. ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಬಂತು, ಒಳಗೆ ಕಂದು ಬಣ್ಣದ ನಾರು ಮಾತ್ರ ಉಳಿದಿತ್ತು, ಹುಳಿ ವಾಸನೆ ಹೊಡೆಯುತ್ತಿತ್ತು. ನಟ್ಟನಡುವೆ ಇನ್ನೊಂದು ವಿಚಿತ್ರ: ನರ್ಸರಿಯ ಪ್ಲಾಸ್ಟಿಕ್ ಚೀಲ ಬಿಚ್ಚಿ ಹಚ್ಚಿ ವರ್ಷಗಳಾದರೂ ಚೀಲದ ಆಕಾರ ಹಾಗೆಯೇ ಇತ್ತು. ಎಳೆಯ ಬೇರುಗಳು ಆ ಕೆಂಪು ಮಣ್ಣಿನ ಮುದ್ದೆಯ ಸುತ್ತ ಸುತ್ತಿ ಸುತ್ತಿ ಗಂಟಾಗಿದ್ದವು. ನಮ್ಮ ಕಪ್ಪು ನೆಲಕ್ಕೆ ಕಾಲಿಟ್ಟದ್ದು ಒಂದೆರಡು ಬೇರು, ಕೊಳೆತದ್ದೂ ಅವೇ. ದೃಷ್ಟಿಗೂ ದೀಪಕ್ಕೂ ಇಲ್ಲಿ ಕೆಲಸವಿರಲಿಲ್ಲ.

ಹಾವೇರಿ ಜಿಲ್ಲೆಯಲ್ಲಿ ಕಪ್ಪು ಎರೆಯೂ ಉಂಟು, ಕೆಂಪು ಮಸಾರಿಯೂ ಉಂಟು. ಮಳೆ ವರ್ಷಕ್ಕೆ ಸುಮಾರು 750 ಮಿಲಿಮೀಟರ್. ನಮ್ಮ ಬಡಾವಣೆ ಎದ್ದದ್ದು ಹತ್ತಿ ಬೆಳೆಯುತ್ತಿದ್ದ ಎರೆ ಹೊಲದ ಮೇಲೆ. ಈ ಮಣ್ಣಿನ ಜಿಗುಟು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಯುಗಾದಿಯ ಹೊತ್ತಿಗೆ ಹಿತ್ತಲಿನಲ್ಲಿ ಬೆರಳು ಇಳಿಯುವಷ್ಟು ಬಿರುಕು ಬಿಡುತ್ತದೆ, ಅಡ್ಡ ಬಂದ ಎಳೆ ಬೇರು ಹರಿದುಹೋಗುತ್ತದೆ. ಆಷಾಢದಲ್ಲಿ ಅದೇ ಮಣ್ಣು ಹಿಡಿದ ನೀರನ್ನು ಬಿಡುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಹತ್ತಿಗೆ, ಜೋಳಕ್ಕೆ, ಕಡಲೆಗೆ ಇದರ ಗುಣ ಗೊತ್ತು. ಗುಲಾಬಿಗೆ ಗೊತ್ತಿಲ್ಲ.

ನಮ್ಮ ಓಣಿಯಲ್ಲಿ ಸಸಿ ಮಾರುವವರು ಟೆಂಪೋದಲ್ಲಿ ಬರುತ್ತಾರೆ. ಅವುಗಳಲ್ಲಿ ಎಷ್ಟೋ ಸಸಿಗಳು ಆಂಧ್ರದ ಗೋದಾವರಿ ಸೀಮೆಯ ಕಡಿಯಂ ಕಡೆಯಿಂದ ಬಂದವು. ಅಲ್ಲಿ ಊರಿಗೆ ಊರೇ ನರ್ಸರಿ. ನದಿ ಬಯಲಿನ ಮೆಕ್ಕಲು ಮಣ್ಣು, ಆವಿಯಾಡುವ ಗಾಳಿ, ದಿನಾ ನೀರು. ಅಂಥಲ್ಲಿ ಹುಟ್ಟಿದ ಗುಲಾಬಿ ನಮ್ಮ ಫೆಬ್ರವರಿಯ ಒಣ ಗಾಳಿಗೆ ಮೈಯೊಡ್ಡಿ ಟೆಂಪೋದಲ್ಲಿ ನಿಂತಿರುತ್ತದೆ, ಅದೂ ಮೈತುಂಬ ಹೂ ಬಿಟ್ಟುಕೊಂಡು. ಹೂ ನೋಡಿ ಕೊಳ್ಳುತ್ತೇವೆ. ಹೂ ಇದ್ದ ಗಿಡ ಬೇರು ಇಳಿಸುವ ಗೊಡವೆಗೆ ಹೋಗುವುದಿಲ್ಲವೆಂದು ಮಾರುವವನಿಗೆ ಗೊತ್ತಿರುತ್ತದೆ; ಕೇಳಿದರೆ ಹೇಳುತ್ತಾನೆ ಕೂಡ. ಆದರೆ ಹೂವಿಲ್ಲದ ಗಿಡ ಟೆಂಪೋದಲ್ಲೇ ಉಳಿಯುತ್ತದೆ.

ನೀರಿನ ಕಥೆ ಇನ್ನೂ ಸೊಗಸು. ಬೇಸಿಗೆಯಲ್ಲಿ ನಳ ಬರುವುದು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ. ಡ್ರಮ್ಮು, ಕೊಡ, ಬಕೀಟು ಎಲ್ಲ ತುಂಬಿಟ್ಟುಕೊಳ್ಳುತ್ತೇವೆ, ಎಣಿಸಿ ಎಣಿಸಿ ಬಳಸುತ್ತೇವೆ, ಗಿಡಕ್ಕೆ ಹಾಕುವಾಗಲಂತೂ ತಂಬಿಗೆಯ ಲೆಕ್ಕ. ಯಾವಾಗ ಓಣಿಯ ಆ ತುದಿಯಿಂದ “ನಳಾ ಬಂತೂ” ಎಂಬ ಕೂಗು ಬಿತ್ತೋ, ಅಷ್ಟು ದಿನ ಬಂಗಾರದಂತಿದ್ದ ನೀರು ಒಂದೇ ಗಳಿಗೆಯಲ್ಲಿ ಹಳೇ ನೀರಾಗುತ್ತದೆ. ನಮ್ಮ ಮನೆಯವರು ಡ್ರಮ್ಮು ಹೊರಳಿಸಿ ಅಷ್ಟನ್ನೂ ಗಿಡಗಳ ಬುಡಕ್ಕೆ ಸುರಿಯುತ್ತಾರೆ. ಚೆಲ್ಲುವುದಕ್ಕಿಂತ ಗಿಡಕ್ಕಾದರೂ ಆಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ. ಹೀಗಾಗಿ ನಮ್ಮ ಹಿತ್ತಲಿನ ಗಿಡಗಳು ಒಂಬತ್ತು ದಿನ ಬರಗಾಲದಲ್ಲಿದ್ದು ಹತ್ತನೆಯ ದಿನ ನೆರೆಗೆ ಸಿಗುತ್ತವೆ. ಮಸಾರಿ ನೆಲವಾಗಿದ್ದರೆ ನೀರು ಸೋರಿ ಹೋಗುತ್ತಿತ್ತು. ಎರೆ ಅದನ್ನು ಬುಡದಲ್ಲೇ ಕಟ್ಟಿಹಾಕುತ್ತದೆ. ಮೇಲೆ ಮಣ್ಣು ಒಣಗಿದ್ದು ಕಂಡು ಮರುದಿನ ಸೊಸೆಯೂ ಒಂದು ತಂಬಿಗೆ ಹಾಕುತ್ತಾಳೆ. ಕೊಳೆ ರೋಗದ ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಆತಿಥ್ಯ ಬೇಕಿಲ್ಲ. ಎಲೆ ಬಾಡಿದ್ದು ಕಂಡರೆ ನಮಗೆಲ್ಲ ತೋಚುವುದು ನೀರೊಂದೇ. ನೀರು ಹೆಚ್ಚಾದರೂ ಎಲೆ ಅದೇ ರೀತಿ ಬಾಡುತ್ತದೆ ಎಂದರೆ ನಂಬುವವರು ಕಡಿಮೆ.

ಎಲ್ಲಾ ಗಿಡಗಳಲ್ಲಿ ತುಳಸಿಯ ಸಾವು ಮಾತ್ರ ಬೇರೆ ತರಗತಿಯದು. ದಾಸವಾಳ ಒಣಗಿದರೆ ಅಯ್ಯೋ ಎನ್ನುತ್ತಾರೆ, ತುಳಸಿ ಒಣಗಿದರೆ ಮನೆಗೇನೋ ಕಾದಿದೆ ಎನ್ನುತ್ತಾರೆ. ಮೈಲಿಗೆಯಲ್ಲಿ ಮುಟ್ಟಿದ್ದು ಯಾರೆಂಬ ವಿಚಾರಣೆ ಶುರುವಾಗುತ್ತದೆ, ಆ ಮನೆಯ ಸೊಸೆಯಂದಿರು ನಾಲ್ಕು ದಿನ ತಲೆ ತಗ್ಗಿಸಿಕೊಂಡು ಓಡಾಡುತ್ತಾರೆ. ತುಳಸಿಯ ಆಯುಸ್ಸೇ ಎರಡು ಮೂರು ವರ್ಷದ್ದು. ತೆನೆ ಕಟ್ಟಿ ಬೀಜ ಹಣ್ಣಾದರೆ ಗಿಡ ತನ್ನ ಕೆಲಸ ಮುಗಿಯಿತೆಂದು ಒಣಗುತ್ತದೆ. ತೆನೆ ಬಂದ ಹಾಗೆ ಚಿವುಟುತ್ತಿದ್ದರೆ ಇನ್ನಷ್ಟು ದಿನ ಇರುತ್ತದೆ. ನಮ್ಮ ಅತ್ತೆ ದಿನಾ ಪೂಜೆಯ ನೆಪದಲ್ಲಿ ತೆನೆ ಚಿವುಟಿ ದೇವರಿಗೆ ಏರಿಸುತ್ತಿದ್ದರು, ಉದುರಿದ ಬೀಜದಿಂದ ಎದ್ದ ಒಂದು ಸಸಿಯನ್ನು ಕಟ್ಟೆಯ ಹಿಂದೆ ಡಬ್ಬಿಯಲ್ಲಿ ಸದಾ ಬೆಳೆಸಿಟ್ಟಿರುತ್ತಿದ್ದರು. ಕಟ್ಟೆಯ ಗಿಡ ಸೊರಗಿತೆಂದರೆ ರಾತ್ರೋರಾತ್ರಿ ಬದಲಾಗುತ್ತಿತ್ತು. ನಮ್ಮ ಮನೆಯ ತುಳಸಿ ಸತ್ತದ್ದನ್ನು ಓಣಿಯಲ್ಲಿ ಕಂಡವರೇ ಇಲ್ಲ. ಅಪವಾದದಿಂದ ಸೊಸೆಯರನ್ನು ಕಾಯುವ ಇಂಥ ಉಪಾಯ ಬಲ್ಲ ಅತ್ತೆಯರು ಹೆಚ್ಚಾಗಲಿ.

ನನ್ನ ತವರು ಬ್ಯಾಡಗಿ. ಅಲ್ಲಿ ಗಿಡ ಸತ್ತರೆ ಮಾತಾಡಿಸಲು ಯಾರೂ ಬರುವುದಿಲ್ಲ, ಸಾಯುವ ಗಿಡ ಎಲ್ಲರ ಹೊಲದಲ್ಲೂ ಇರುತ್ತದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ಖಾರ ಕಡಿಮೆ, ಬಣ್ಣ ಗಾಢ. ಅದರಿಂದ ತೆಗೆದ ಬಣ್ಣ ತಿನಿಸಿಗೂ ಹೋಗುತ್ತದೆ, ತುಟಿಗೆ ಹಚ್ಚುವ ರಂಗಿಗೂ ಹೋಗುತ್ತದೆ. ಇಷ್ಟು ಹೆಸರು ಮಾಡಿದ ಗಿಡ ಕೈಗೆ ಹತ್ತುವುದು ಸುಲಭವಲ್ಲ. ಮುಟುರು ರೋಗ ಬಿದ್ದರೆ ಎಲೆ ಮುದುಡಿ, ಗಿಡ ಗಿಡ್ಡಾಗಿ, ಹೂ ಉದುರಿ ಹೋಗುತ್ತದೆ. ನಮ್ಮ ಹಿತ್ತಲಿನ ನಾಲ್ಕು ಮೆಣಸಿನ ಗಿಡಕ್ಕೆ ಮುಟುರು ಬಂದಾಗ ಅಣ್ಣ ಬಂದವನು ಚಹಾ ಕೂಡ ಕುಡಿಯದೆ ಮೊದಲು ತುದಿಯ ಎಲೆಯೊಂದನ್ನು ಹರಿದು ಅಂಗೈ ಮೇಲೆ ಇಟ್ಟುಕೊಂಡ. “ಎಲಿ ಮ್ಯಾಲಕ್ಕ ಮಡಚಿದ್ರ ಥ್ರಿಪ್ಸ್, ತಳಕ್ಕ ಮಡಚಿದ್ರ ನುಸಿ. ಇದನ್ನ ನೋಡದ ಔಷಧಾ ಹೊಡದ್ರ ಹೊಡದವಗ ಜಡ್ಡ,” ಎಂದ. ನಮ್ಮದು ಕೆಳಕ್ಕೆ ಮಡಚಿತ್ತು. ಎರಡೂ ಒಂದೇ ಗಿಡದ ಮೇಲೆ ಇರುವುದೂ ಉಂಟು, ಬಿಳಿ ನೊಣ ಹೊತ್ತು ತರುವ ವೈರಸ್ಸಿನಿಂದಲೂ ಎಲೆ ಮುದುಡುವುದುಂಟು. ಆದರೂ ಅಂಗೈ ಮೇಲಿನ ಒಂದು ಎಲೆಯಿಂದ ವಿಚಾರಣೆ ಅರ್ಧ ಮುಗಿಯಿತು.

2021ರ ಹಿಂಗಾರಿಯಲ್ಲಿ ಆಂಧ್ರ, ತೆಲಂಗಾಣಗಳ ಜೊತೆ ನಮ್ಮ ರಾಜ್ಯದ ಮೆಣಸಿನ ಹೊಲಗಳಿಗೂ ಹೊಸ ಜಾತಿಯ ಕಪ್ಪು ಥ್ರಿಪ್ಸ್ ನುಗ್ಗಿತು. ಆಗ್ನೇಯ ಏಷ್ಯಾ ಕಡೆಯ ಕೀಟ. 2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡದ ಮೇಲೆ ನಮ್ಮ ದೇಶದಲ್ಲಿ ಮೊದಲು ಕಂಡಿತ್ತು. ಎಲೆಗಿಂತ ಹೂವಿನೊಳಗೆ ಗುಂಪಾಗಿ ಕೂರುತ್ತದೆ. ಹೂ ಉದುರಿದ ಮೇಲೆ ಕಾಯಿ ಎಲ್ಲಿಂದ ಬರಬೇಕು? ಅಣ್ಣನ ಹೊಲದಲ್ಲಿ ಗಿಡ ನಿಂತಿದ್ದವು, ಬೆಳೆ ಇರಲಿಲ್ಲ. ವಿಷಯ ತಿಳಿದು ನಾನು ಫೋನು ಮಾಡಿದರೆ, “ಅಳೂದ ಏನೈತಿ ತಂಗಿ, ಹಸಿ ಆರೂದರಾಗ ಕಿತ್ತ ಕಡ್ಲಿ ಬಿತ್ತೇನಿ,” ಎಂದ. ನೆಲದ ಹಸಿ ಆರುವುದರೊಳಗೆ ಎಂಬುದು ಅವನ ಗಡುವು. ದುಃಖ ಪಡಬಾರದೆಂದೇನೂ ಇಲ್ಲ, ನೆಲ ಮಾತ್ರ ಕಾಯುವುದಿಲ್ಲ.

ಹಾಗೆಂದು ರೈತ ಎಲ್ಲವನ್ನೂ ಮರೆತು ಬಿಡುತ್ತಾನೆ ಎಂದು ನಾವು ಪೇಟೆಯವರು ಸಮಾಧಾನ ಮಾಡಿಕೊಳ್ಳಬಾರದು. 2024ರ ಮಾರ್ಚ್‌ನಲ್ಲಿ ಬದುಕಿ ಉಳಿದ ಬೆಳೆಯನ್ನು ಮಾರುಕಟ್ಟೆಗೆ ತಂದಾಗ ಬೆಲೆ ಕುಸಿದು, ಬ್ಯಾಡಗಿಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಅವರದು ಹೊಟ್ಟೆಯ ಮಾತು. ನಾಲ್ಕು ಕುಂಡದ ನಮ್ಮ ವ್ಯಸನವನ್ನು ಅದರ ಪಕ್ಕ ಇಡಲು ನನಗೆ ಸಂಕೋಚವಾಗುತ್ತದೆ. ಅಣ್ಣನಿಂದ ನಾನು ತಂದುಕೊಂಡದ್ದು ಎಲೆಯನ್ನು ಮಗುಚಿ ನೋಡುವುದು, ಹಸಿ ಆರುವ ಮೊದಲು ಕೈ ಹಚ್ಚುವುದು, ಇವೆರಡು ರೂಢಿ ಮಾತ್ರ.

ಕೆಲವು ಸಾವುಗಳಿಗೆ ಹಿತ್ತಲಿನಲ್ಲಿ ಉತ್ತರ ಸಿಗುವುದೇ ಇಲ್ಲ. 2009, 2010ರ ಸುಮಾರಿಗೆ ಪಪ್ಪಾಯಿ ಬೆಳೆಸಿದವರಿಗೆ ನೆನಪಿದ್ದೀತು. ಗಿಡ, ಕಾಯಿ, ದೇಟು ಎಲ್ಲ ಹತ್ತಿ ಮೆತ್ತಿದ ಹಾಗೆ ಬೆಳ್ಳಗಾಗಿ ಅಂಟು ಸುರಿಸುತ್ತ ಒಣಗುತ್ತಿದ್ದವು. ಸೋಪಿನ ನೀರು, ಬೇವಿನೆಣ್ಣೆ, ಬೂದಿ ಯಾವುದಕ್ಕೂ ಬಗ್ಗಲಿಲ್ಲ. ಅದು ಮಧ್ಯ ಅಮೆರಿಕ ಕಡೆಯ ಹಿಟ್ಟು ತಿಗಣೆ, 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಗುರುತಿಸಿದ್ದು. ತನ್ನ ವೈರಿಯನ್ನು ಊರಲ್ಲೇ ಬಿಟ್ಟು ಬಂದಿತ್ತು. 2010ರಲ್ಲಿ ವಿಜ್ಞಾನಿಗಳು ಪೋರ್ಟೊರಿಕೊದಿಂದ ಆ ವೈರಿಯನ್ನು, ಕಣ್ಣಿಗೆ ಕಾಣಲೂ ಕಷ್ಟವಾದ ಒಂದು ಕಣಜವನ್ನು ತರಿಸಿ ಬೆಂಗಳೂರಿನಲ್ಲಿ ಸಾಕಿ ತೋಟಗಳಿಗೆ ಬಿಟ್ಟರು. ತಿಗಣೆಯ ಹಾವಳಿ ಬೇಗನೆ ಇಳಿಯಿತು. ನಮ್ಮ ಓಣಿಯಲ್ಲಿ ಇದರ ಕೀರ್ತಿ ಇವತ್ತಿಗೂ ಬೂದಿಗೇ ಸಲ್ಲುತ್ತಿದೆ.

ರಾಣೆಬೆನ್ನೂರಿನಲ್ಲಿರುವ ನನ್ನ ಅಕ್ಕನದು ಮಸಾರಿ ನೆಲ. ಆದರೆ ಅವಳದೆಲ್ಲ ಮಾಳಿಗೆ ಮೇಲಿನ ಕುಂಡ. ಅಕ್ಕನಿಗೆ ಗಿಡ ಸತ್ತರೂ ತೆಗೆಯಲು ಮನಸ್ಸು ಬರುವುದಿಲ್ಲ. ಒಣಗಿದ ಗುಲಾಬಿಗೆ ಚಿಗುರಬಹುದೆಂಬ ಆಸೆಯಿಂದ ದೀಪಾವಳಿಯಿಂದ ಯುಗಾದಿಯವರೆಗೂ ನೀರು ಹಾಕುತ್ತಾಳೆ. ಅವಳ ಮನೆಗೆಲಸಕ್ಕೆ ಬರುವಾಕೆ ಹೊಲದ ಹಂಗಾಮಿನಲ್ಲಿ ಬೀಜದ ಪ್ಲಾಟಿಗೆ ಹೋಗುತ್ತಾಳೆ. ರಾಣೆಬೆನ್ನೂರು ಸೀಮೆ ಹೈಬ್ರಿಡ್ ಬೀಜಕ್ಕೆ ಹೆಸರಾದದ್ದು. ಬಲೆ ಕಟ್ಟಿದ ಮನೆಯೊಳಗೆ ಹೆಣ್ಣುಮಕ್ಕಳು ಕೂತು, ಅರಳಬೇಕಾದ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಗಂಡು ಕೇಸರ ತೆಗೆದು, ಬೇರೆ ಗಿಡದ ಪರಾಗ ಸವರುತ್ತಾರೆ. ಟೊಮೆಟೊ, ಮೆಣಸಿನಕಾಯಿ, ಬದನೆ ಎಲ್ಲದರ ಬೀಜವೂ ಹೀಗೇ ಒಂದೊಂದು ಹೂವಿನ ಕೈಕೆಲಸ. ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ: ಸಾಲಿನಲ್ಲಿ ಬೇರೆ ತಳಿಯ ಗಿಡ ಬೆರೆತಿದ್ದರೆ, ಅದು ಎಷ್ಟೇ ಸೊಂಪಾಗಿರಲಿ, ಹೂ ಬಿಡುವ ಮೊದಲೇ ಕಿತ್ತು ಒಗೆಯಬೇಕು. ಅಂಥ ಕೈಗೆ ನಮ್ಮ ಅಕ್ಕನ ಒಣ ಗುಲಾಬಿ ಏನು ಕಂಡೀತು? “ಜಾಗಾ ಸುಮ್ನ ಯಾಕ ಹಿಡಸ್ತೀರ್ರಿ ಅಕ್ಕಾರ? ಕುಂಡ ಖಾಲಿ ಮಾಡಿಕೊಡ್ರಿ, ಒಂದ ಬದನಿ ಹಚ್ಚತೇನಿ,” ಎಂದಳಂತೆ. ಅಕ್ಕ ಕೊಡಲಿಲ್ಲ.

ಇಬ್ಬರಲ್ಲಿ ನಾನು ಯಾರ ಪಕ್ಷವೆಂದರೆ ಕೆಲಸದಾಕೆಯ ಪಕ್ಷ. ಆದರೆ ಕಿತ್ತು ಒಗೆಯುವ ಮುಂಚೆ ಒಂದು ಪರೀಕ್ಷೆ ಆಗಬೇಕು. ಕಾಂಡದ ತುದಿಯಿಂದ ಶುರುಮಾಡಿ ಉಗುರಿನಿಂದ ತೊಗಟೆಯನ್ನು ಸ್ವಲ್ಪ ಸ್ವಲ್ಪ ಕೆರೆಯುತ್ತ ಬುಡದವರೆಗೆ ಬರಬೇಕು. ತೊಗಟೆಯ ಕೆಳಗೆ ಹಸಿರು ಕಂಡಲ್ಲಿ ಜೀವ ಇದೆ. ಅಲ್ಲಿಂದ ಮೇಲಿನದನ್ನು ಕತ್ತರಿಸಿ ನೀರು ಕಡಿಮೆ ಮಾಡಿ ಬಿಡಬಹುದು. ಬುಡದವರೆಗೂ ಕಂದು ಬಣ್ಣವೇ ಇದ್ದರೆ ಮುಗಿಯಿತು. ಗಡ್ಡೆಯ ಜಾತಿಗೆ ಈ ಪರೀಕ್ಷೆಯೂ ಸಲ್ಲದು. ಮೇ ತಿಂಗಳಲ್ಲಿ ಕೆಂಪು ಚೆಂಡಿನಂಥ ಹೂ ಬಿಡುತ್ತದಲ್ಲ, ಆ ಗಡ್ಡೆ ಚಳಿಗಾಲದಲ್ಲಿ ಎಲೆ ಕೂಡ ಉಳಿಸಿಕೊಳ್ಳುವುದಿಲ್ಲ. ಸತ್ತಿತೆಂದು ಮಣ್ಣಿನ ಸಮೇತ ತಿಪ್ಪೆಗೆ ಹಾಕಿದ ಮನೆಗಳಲ್ಲಿ ಅಡ್ಡಮಳೆ ಬಿದ್ದ ಮೇಲೆ ತಿಪ್ಪೆಯಲ್ಲೇ ಹೂ ಅರಳುತ್ತದೆ.

ಸವಣೂರಿನ ದೊಡ್ಡಹುಣಸೆ ಕಲ್ಮಠದ ಮೂರು ಮರಗಳನ್ನು ನಮ್ಮ ಜಿಲ್ಲೆಯವರೆಲ್ಲ ನೋಡಿದ್ದೇವೆ. ಹೆಸರು ದೊಡ್ಡ ಹುಣಸೆ, ಜಾತಿ ಆಫ್ರಿಕಾದ ಬಾವೊಬಾಬ್. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿಸಿ ತಿಂಗಳುಗಟ್ಟಲೆ ಬೋಳಾಗಿ ನಿಲ್ಲುತ್ತವೆ, ಗೊತ್ತಿಲ್ಲದವರು ಒಣಗಿದವೆಂದೇ ತಿಳಿಯಬೇಕು. 2023ರ ಜುಲೈ ಮಳೆಗೆ ಆ ಮೂರರಲ್ಲಿ ಒಂದು ಬುಡ ಸಮೇತ ಉರುಳಿತು. ವಿಚಿತ್ರವೆಂದರೆ ಅದೇ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದರು, ನಮ್ಮ ಜಿಲ್ಲೆಯೂ ಅದರಲ್ಲಿತ್ತು. ಬಿದ್ದ ಮರಕ್ಕೆ ಕೊಡಲಿ ಬೀಳಲಿಲ್ಲ. ಕ್ರೇನ್ ತರಿಸಿ, ಎತ್ತಿ, ಮತ್ತೆ ನೆಟ್ಟರು. ಮುಂದೆ ಅದು ಚಿಗುರಿತು. ಈ ಸುದ್ದಿಯನ್ನು ನಮ್ಮ ಅಕ್ಕ ಇವತ್ತಿಗೂ ತನ್ನ ಒಣ ಗುಲಾಬಿಯ ಪರವಾಗಿ ಸಾಕ್ಷಿ ಹೇಳಿಸುತ್ತಾಳೆ. ಮೈಯೊಳಗೆ ನೀರು ಕೂಡಿಟ್ಟುಕೊಳ್ಳುವ ಮರದ ನ್ಯಾಯ ಟೆಂಪೋದಲ್ಲಿ ಬಂದ ಗುಲಾಬಿಗೆ ಹತ್ತುವುದಿಲ್ಲ ಎಂದು ಎಷ್ಟು ಹೇಳಿದರೂ ಅವಳು ಕೇಳುವವಳಲ್ಲ.

ಆ ಬರದ ವರ್ಷ ನಮ್ಮ ಹಿತ್ತಲಿನಲ್ಲಿ ಒಂದು ತೀರ್ಮಾನವಾಯಿತು. ಅಕ್ಕಿ ತೊಳೆದ ನೀರು, ಪಾತ್ರೆ ಗಲಬರಿಸಿದ ನೀರು ಸೇರಿಸಿದರೂ ಎಲ್ಲ ಗಿಡಕ್ಕೆ ಸಾಲುತ್ತಿರಲಿಲ್ಲ. ಲಿಂಬೆ, ನುಗ್ಗೆ, ಮಲ್ಲಿಗೆ ಇರಲಿ, ಉಳಿದವು ಹೋದರೆ ಹೋಗಲಿ ಎಂದೆವು. ಕುಂಡದ ಬಣ್ಣದೆಲೆಗಳು, ಹುಲ್ಲು, ಟೆಂಪೋದ ಗುಲಾಬಿಗಳು ಹೋದವು. ನುಗ್ಗೆಯಂತೂ ನೀರು ಕೇಳಲೇ ಇಲ್ಲ. ಆಮೇಲೆ ಹಿತ್ತಲಿನಲ್ಲಿ ಸಾಯುವ ಗಿಡಗಳು ಕಡಿಮೆಯಾದವು, ಬದುಕುವಂಥವಷ್ಟೇ ಉಳಿದಿದ್ದವು. ಈಗ ಏನು ಹಚ್ಚಿದರೂ ಒಂದು ಗೇಣು ಏರಿ ಮಾಡಿ, ಮರಳು ಮತ್ತು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ ಅದರ ಮೇಲೆ ಹಚ್ಚುತ್ತೇವೆ. ಹಸಿ ಸಗಣಿ ಹಾಕುವುದಿಲ್ಲ, ಅದರ ಬೆನ್ನಿಗೇ ಬೇರು ತಿನ್ನುವ ಗೊಬ್ಬರದ ಹುಳ ಬರುತ್ತದೆ. ಚೀಲದ ಬೇರನ್ನು ಕೈಯಿಂದ ಬಿಡಿಸಿ ಹರಡುತ್ತೇವೆ, ಸುತ್ತಿಕೊಂಡದ್ದನ್ನು ಕತ್ತರಿಸುತ್ತೇವೆ. ನೀರು ಹಾಕುವ ಮೊದಲು ಬೆರಳು ಇಳಿಸಿ ನೋಡುತ್ತೇವೆ. ನಮ್ಮ ಮನೆಯವರ ಹಳೇ ನೀರು ಈಗ ಹಿಂದಿನ ಕಾಲುವೆಯ ಪಕ್ಕದ ಬಾಳೆಗೆ ಹೋಗುತ್ತದೆ. ಬಾಳೆ ಎಷ್ಟು ಕೊಟ್ಟರೂ ಬೇಡ ಅನ್ನುವುದಿಲ್ಲ.

ಅಣ್ಣ ಕೊಟ್ಟ ಡಬ್ಬಿ ಜಾತಿಯ ಬ್ಯಾಡಗಿ ಮೆಣಸಿನಕಾಯಿಯ ಬೀಜ ನಮ್ಮ ಮನೆಯಲ್ಲಿವೆ, ಗಿಡದಲ್ಲೇ ಹಣ್ಣಾಗಿ ಒಣಗಿದ ಕಾಯಿಯಿಂದ ಬಿಡಿಸಿದ್ದು. ಮಿರಗ ಕೂಡಿ ಎರಡು ಮಳೆ ಬಿದ್ದ ಮೇಲೆ ಯಾರು ಬೇಕಾದರೂ ಬರಬಹುದು, ದುಡ್ಡು ಬೇಡ. ಮಡಿಯಲ್ಲಿ ತೆಳ್ಳಗೆ ಚೆಲ್ಲಿ, ನೀರು ಚಿಮುಕಿಸಿ, ಸುರಿಯಬೇಡಿ. ಮುಂದಿನ ವರ್ಷ ಅದೇ ಬೀಜ ಹಿಡಿಯುವ ಆಸೆಯಿದ್ದರೆ ಪಕ್ಕದಲ್ಲಿ ಬೇರೆ ಜಾತಿಯ ಮೆಣಸಿನಕಾಯಿ ಹಚ್ಚಬೇಡಿ, ಪರಾಗ ಬೆರೆತು ಜಾತಿ ಕೆಡುತ್ತದೆ. ಒಂದೇ ಕರಾರು: ಸಸಿ ಸತ್ತರೆ ಸುದ್ದಿ ಹೇಳಿಕಳಿಸಬೇಡಿ, ಬೇರು ಸಮೇತ ಕಿತ್ತು ತಂದು ತೋರಿಸಿ.